ಕೋಂ ನಲ್

ಜಾವಗಲ್ ಕಡೆಯ ಒಂದು ಊರಿಂದ
ಕಾಗದ ವಾಪಸ್ಸು ಬಂತು ಹಾಸನಕ್ಕೆ.
ಹಾಲಿನ ಬೋನಸ್ಸಿನ ಕಾಗದ, ನಾನೇ ಅಚ್ಚು ಹಾಕಿಸಿದ್ದು:
ನಿಂಗಾಜಮ್ಮ ಕೋಂ ನಲ್.
ಅಂಚಿನಲ್ಲಿ ಪೋಸ್ಟಿನ ರಂಗಶಾಮಿ
ನೀಲಿ ಶಾಯಿಯಲ್ಲಿ ಬರೆದಿದ್ದ:
ಊರಲ್ಲಿ ನಿಂಗಾಜಮ್ಮ ಮೂವರು.
ಈ ಹೆಸರಿನ ಗಂಡಸು ಒಬ್ಬನೂ ಇಲ್ಲ. ಯಾರಿವನು?

ಯಾರೂ ಅಲ್ಲ.
ಅದೇ ತೊಂದರೆ. ಯಾರೂ ಅಲ್ಲದ್ದಕ್ಕೂ
ಕಂಪ್ಯೂಟರು ಒಂದು ಹೆಸರಿಟ್ಟುಕೊಂಡಿದೆ.
ವಿಳಾಸದ ಸಾಲು ಕಟ್ಟುವಾಗ ಅದನ್ನೇ ಎತ್ತಿಕೊಟ್ಟಿತು,
ಇಂಗ್ಲಿಷನ್ನು ಕನ್ನಡ ಮಾಡುವ ತುಂಡು ಪ್ರೋಗ್ರಾಮು
ನಿಯತ್ತಿನಿಂದ ಅದಕ್ಕೊಂದು ಅಂಗಿ ತೊಡಿಸಿತು.
ಒಟ್ಟು ಮುನ್ನೂರ ಹನ್ನೆರಡು ಹೆಂಗಸರನ್ನು
ಒಂದೇ ರಾತ್ರಿ, ಬಿ.ಎಂ. ರಸ್ತೆಯ ಮೂರನೇ ಮಹಡಿಯಲ್ಲಿ,
ನಲ್ ಎಂಬುವನಿಗೆ
ಮದುವೆ ಮಾಡಿಕೊಟ್ಟಿದ್ದೆ.

ಹಳೇ ರಿಜಿಸ್ಟರು ತರಿಸಿದೆ. ಕೆಂಪು ಬಟ್ಟೆಯ ಬೈಂಡು,
ಪುಟದ ಮೂಲೆಗೆ ಹಾಲು ಒಣಗಿದ ಹಳದಿ.
ಗಂಡನ ಹೆಸರು ಎಂಬ ಕಾಲಮ್ಮಿನ ಕೆಳಗೆ
ಖಾಲಿಯೋ ಖಾಲಿ. ಆದರೆ
ಒಂದರ ಹಾಗೆ ಇನ್ನೊಂದಿಲ್ಲ.
ಇಲ್ಲೊಂದು ಅಡ್ಡಗೀಟು, ಸ್ಕೇಲಿಟ್ಟು ಎಳೆದದ್ದು:
ಕೇಳಿದೆ, ಇಲ್ಲ ಅಂದಳು.
ಇಲ್ಲಿ ‘ದಿ||’ ಅಷ್ಟೇ, ಮುಂದೆ ಪೆನ್ನು ನಿಂತಿದೆ.
ಸತ್ತಿದ್ದಾನೆ, ಆದರೂ ಅವನ ಹೆಸರು
ಅವಳ ನಾಲಿಗೆಗೆ ಬರುವುದಿಲ್ಲ.
ಬದುಕಿದ್ದವನದ್ದೂ ಹೇಳಲೊಲ್ಲರು ಕೆಲವರು;
ಸರದಿಯ ಹಿಂದಿನವಳನ್ನು ಕೇಳಿ ಬರೆದ ಕಡೆ
ಸಣ್ಣದೊಂದು ಪ್ರಶ್ನೆಯ ಕೊಕ್ಕೆ.
ನಿಂಗಾಜಮ್ಮನದು ಬರೀ ಬಿಳಿ.

ಇದನ್ನೆಲ್ಲ ನಾನು ಒಂದೇ ಸಾಲಿನಲ್ಲಿ ಗುಡಿಸಿದ್ದೆ:
ಅಕ್ಷರವಿಲ್ಲದ್ದು ಬಂದರೆ ನಲ್ ಅಂತ ಇಡು.
ಚೊಕ್ಕ ಕೋಡು ಎಂದು ಮ್ಯಾನೇಜರು ಬೆನ್ನು ತಟ್ಟಿದ್ದರು.

‘ಅವಳು ಡೈರಿ ಹಿಂದಿನ ನಿಂಗಾಜಮ್ಮ,’ ಅಂದರು ಫೋನಿನಲ್ಲಿ
ಇಪ್ಪತ್ತಾರು ವರ್ಷದ ಕಾರ್ಯದರ್ಶಿ ಶಿವನಂಜಪ್ಪ.
‘ನೋಡಿ ಸಾಮಿ, ಹಸ ಗಬ್ಬ, ಇವತ್ತಿಲ್ಲ ಅಂತ ಬಂದು ಹೇಳ್ದೋಳಿಗೆ
ಸೊನ್ನೆ ಬರೀತೀನಿ. ಬರದೇ ಇದ್ದೋಳ ಮನೇಲಿ
ಏನಾಗದೋ ಎಂತೋ, ಯಾರಿಗೊತ್ತು?
ಅಲ್ಲಿಗೆ ಸೊನ್ನೆ ಹಾಕಿದ್ರೆ ಸುಳ್ಳಾಯ್ತದೆ.’

ಭಾನುವಾರ ಹಳೇಬೀಡಿನ ಬಸ್ಸು ಹಿಡಿದು,
ಅಲ್ಲಿಂದ ಆಟೋ ಹಿಡಿದು ಹೋದೆ.
ನಿಂಗಾಜಮ್ಮ ಸಗಣಿ ಕೈ ತೊಳೆದು ಬಂದಳು,
ಕಾಗದವನ್ನು ಬೆಳಕಿಗೆ ಹಿಡಿದು ಕೂಡಿಸಿ ಕೂಡಿಸಿ ಓದಿದಳು.
ಆ ಅರ್ಧ ಅಕ್ಷರ ಬಾಯಲ್ಲಿ ನಿಲ್ಲಲಿಲ್ಲ,
ತಾನೇ ಒಂದು ಅಕಾರ ಸೇರಿಸಿಕೊಂಡಳು:
ನಲ್ಲ.
ಹಲ್ಲುದುರಿದ ಬಾಯಿ ತುಂಬ ನಗು.
‘ಲೇ ಚಿಕ್ಕತಾಯೀ, ಬಾರೆ ಇಲ್ಲಿ,
ನಂಗೊಬ್ಬ ನಲ್ಲ ಅವ್ನಂತೆ!
ಹಾಸನದೋರು ಕಂಡುಹಿಡಿದವ್ರೆ!’

ತಪ್ಪಾಯ್ತು, ತಿದ್ದುತ್ತೇನೆ, ಅಂದೆ. ಏನಂತ ಬರೆಯಲಿ?
ಮದುವೆ ಆಗಲಿಲ್ಲವಾ, ಬಿಟ್ಟುಹೋದರಾ,
ತೀರಿಕೊಂಡರಾ?
ನಗು ನಿಂತಿತು. ಹಸುವಿನ ಗಂಗೆದೊಗಲು ಕೆರೆಯುತ್ತ
ಬಹಳ ಹೊತ್ತು ಸುಮ್ಮನಿದ್ದಳು.
ಹಸು ಕತ್ತು ಚಾಚಿ ಇನ್ನೂ ಇನ್ನೂ ಅಂದಿತು.
‘ಇಷ್ಟು ವರ್ಸದಾಗೆ ಯಾರೂ ಕೇಳ್ನಿಲ್ಲ ಕಣಪ್ಪ.
ನೀ ಕೇಳ್ದೆ. ನಾ ಹೇಳ್ನಿಲ್ಲ.
ಹಂಗೇ ಬರಕೊ.’
ಕಾಗದ ಮಾತ್ರ ವಾಪಸ್ಸು ಕೊಡಲಿಲ್ಲ,
ಮಡಿಸಿ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು.

ಅದಕ್ಕೆ ನನ್ನಲ್ಲಿ ಕಾಲಂ ಇಲ್ಲ.
ರಾತ್ರಿ ಕೂತು ಗುಡಿಸುವ ಸಾಲನ್ನು ಅಳಿಸಿದೆ.
ಎಡಕ್ಕೊಂದು ಕೊಟೇಶನ್ನು, ಬಲಕ್ಕೊಂದು,
ನಡುವೆ ಏನೂ ಇಲ್ಲದೆ
ಬಾಯಿ ಬಿಗಿದು ಕೂತದ್ದು ಬಂದರೆ
ಹಾಗೇ ಇಟ್ಟುಕೊ, ನಲ್ಲಿಗೆ ಗಂಟು ಹಾಕಬೇಡ
ಎಂದು ಪ್ರೋಗ್ರಾಮಿಗೆ ಕಲಿಸಿದೆ.
ಟೆಸ್ಟುಗಳು ಹನ್ನೊಂದು ಹಸಿರಾದವು,
ಒಂದು ಕೆಂಪಗೇ ಉಳಿಯಿತು. ಉಳಿಯಲಿ, ಬೆಳಿಗ್ಗೆ ನೋಡುವಾ.
ಮುನ್ನೂರ ಹನ್ನೊಂದು ಕಾಗದ ಮತ್ತೆ ಅಚ್ಚಾಗಬೇಕು.

ಕೆಳಗೆ ರಸ್ತೆಯಲ್ಲಿ ಹಾಲಿನ ಟ್ಯಾಂಕರೊಂದು ಹಾದುಹೋಯಿತು.
ತುಂಬಿತ್ತೋ ಖಾಲಿಯೋ
ಸದ್ದಿನಲ್ಲಿ ಗೊತ್ತಾಗಲಿಲ್ಲ.